ಮಾಸ್ಕ್ ಬಿಗಿಯಾಗುವ ತನಕ

ನನ್ನ ಗಂಡ ಅಗ್ನಿಶಾಮಕ ದಳದಲ್ಲಿದ್ದರು. ಊರಿಗಾಂನಲ್ಲಿ, ಗಣಿ ಕಾರ್ಮಿಕರ ಸಾಲಿನ ನಮ್ಮ ಲೈನ್ ಮನೆಯಲ್ಲೂ ದಳದ ನಿಯಮಗಳೇ ನಡೆಯುತ್ತಿದ್ದವು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟುವ ಹಾಗಿಲ್ಲ, ಮೊದಲು ಕಿಟಕಿ ತೆಗೆಯಬೇಕು. ಹೊಗೆ ತುಂಬಿದರೆ ನಿಲ್ಲಬಾರದು, ತೆವಳಬೇಕು. ಒಂದು ಭಾನುವಾರ ನನ್ನ ಕಣ್ಣಿಗೂ ಮಗಳ ಕಣ್ಣಿಗೂ ಟವೆಲ್ ಕಟ್ಟಿ ಅಡುಗೆಮನೆಯಿಂದ ಬೀದಿಬಾಗಿಲವರೆಗೆ ತೆವಳಿಸಿದ್ದರು. ಎದುರುಮನೆಯ ತಮಿಳು ಅಜ್ಜಿ ನೋಡಿ, "ಎನ್ನಮ್ಮಾ, ಮೂಗುಬೊಟ್ಟು ಕಳ್ಕೊಂಡ್ಯಾ?" ಅಂತ ಕೇಳಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನನ್ನ ಗಂಡನಿಗೆ ಕೋಪ ಬಂತು.

"ಗಾಬ್ರೀಲಿ ತಲೆ ಕೆಲ್ಸ ಮಾಡಲ್ಲ ಕಣೇ. ಕೈಗೆ ಅಭ್ಯಾಸ ಇರ್ಬೇಕು" ಅನ್ನುತ್ತಿದ್ದರು.

ಅದೇ ಮನೆಯಲ್ಲಿ ಇನ್ನೊಂದು ಅಭ್ಯಾಸವೂ ಇತ್ತು. ಅದು ನನ್ನ ಮಾವನದು. ಚಿನ್ನದ ಗಣಿಯಲ್ಲಿ ದುಡಿದ ಮನುಷ್ಯ. ಹಾಳುಬಾವಿಯಿರಲಿ, ನೀರಿನ ಸಂಪಿರಲಿ, ಮೊದಲು ಹಗ್ಗಕ್ಕೆ ದೀಪ ಕಟ್ಟಿ ಕೆಳಗಿಳಿಸುತ್ತಿದ್ದರು. ದೀಪ ಕುಗ್ಗಿದರೆ ಯಾರೂ ಇಳಿಯುವಂತಿಲ್ಲ, ನೆಟ್ಟಗೆ ಉರಿದರೆ ಇಳಿಯಬಹುದು. ಲೈನಿನ ಮಕ್ಕಳೆಲ್ಲ ಇದನ್ನು ನೋಡಿಕೊಂಡೇ ಬೆಳೆದವರು. ನನ್ನ ಗಂಡ ಮಾತ್ರ ಕೆಲಸಕ್ಕೆ ಸೇರಿದ ಮೇಲೆ ಅಪ್ಪನ ಜೊತೆ ವಾದಕ್ಕೆ ಬೀಳುತ್ತಿದ್ದರು.

"ಗಾಳಿ ಐತೋ ಇಲ್ವೋ ಅಷ್ಟೇ ಅಪ್ಪಾ ದೀಪ ಹೇಳೋದು. ವಿಷ ಐತೋ ಇಲ್ವೋ ಹೇಳಲ್ಲ."

"ಭೂಮಿ ಒಳಕ್ಕೆ ಇಳ್ದೋನು ನಾನಾ ನೀನಾಲಾ?" ಎಂದು ಮಾವ ಗದರುತ್ತಿದ್ದರು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ನನ್ನ ತವರು. ನನ್ನ ತಮ್ಮ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ನನ್ನ ಗಂಡನಿಗೆ ರಜೆಯಿದ್ದ ದಿನ ಅಲ್ಲಿಗೆ ಹೋಗಿದ್ದೆವು. ತಿಂಡಿ ತಿಂದು ನಾವು ಜಗಲಿಯಲ್ಲಿ ಕೂತಿದ್ದಾಗ ಹಿತ್ತಲಿನಿಂದ ಅಮ್ಮ ಚೀರಿದರು. ಗೋಬರ್ ಗ್ಯಾಸಿನ ಬಗ್ಗಡ ಬಂದು ಬೀಳುವ ಗುಂಡಿಯಲ್ಲಿ ಪೈಪು ಕಟ್ಟಿಕೊಂಡಿದೆ ಎಂದು ತಮ್ಮ ಏಣಿಯಿಟ್ಟು ಇಳಿದಿದ್ದ. ನಾವು ಓಡಿ ಹೋಗಿ ನೋಡಿದರೆ ಗೋಡೆಗೆ ತಲೆಯಾನಿಸಿ ಬಿದ್ದಿದ್ದ, ಸೊಂಟದವರೆಗೆ ಬಗ್ಗಡ.

ನನ್ನ ಗಂಡ ಮೊದಲು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಇಳಿಯಲು ಬಂದ ನನ್ನ ಚಿಕ್ಕಪ್ಪನ ಮಗನನ್ನು ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದರು. ತಮ್ಮದೇ ಸ್ಟೇಷನ್ನಿಗೆ ಫೋನ್ ಮಾಡಿ ದಾರಿ ಹೇಳಿದರು, ಸಿಲಿಂಡರು, ಮಾಸ್ಕ್ ಇರುವ ಉಸಿರಾಟದ ಸೆಟ್ ತರಲೇಬೇಕು ಅಂದರು. ಆಮೇಲೆ ಬಗ್ಗಿ ನೋಡಿದರು.

"ಎದೆ ಆಡ್ತಾ ಐತೆ" ಅಂದರು. ಅಮ್ಮನ ಕಡೆ ತಿರುಗಿ, "ಅತ್ತೆ, ಲಾಟೀನು ಕೊಡಿ."

ನನಗೆ ತಿಳಿದುಹೋಯಿತು. ಅವರ ಅಂಗಿ ಹಿಡಿದುಕೊಂಡೆ. ಸಗಣಿ ಗುಂಡಿಯ ಹತ್ತಿರ ಬೆಂಕಿಯನ್ನೇ ತರಬಾರದು, ಗ್ಯಾಸ್ ಹತ್ತಿಕೊಳ್ಳುತ್ತದೆ ಎಂದು ನನಗೆ ಕಲಿಸಿದ್ದೇ ಅವರು. "ಸೆಟ್ ಬರ್ಲಿ ರೀ, ಪೂರ್ತಿ ಹಾಕ್ಕೊಂಡು ಇಳೀರಿ" ಅಂದೆ.

ಅವರು ಹಸು ಕಟ್ಟುವ ಹಗ್ಗಕ್ಕೆ ಲಾಟೀನು ಕಟ್ಟಿ ಗುಂಡಿಗೆ ಇಳಿಸಿದರು. "ದೀಪ ಉರೀತೈತೆ ನೋಡೇ."

ಉರಿಯುತ್ತಿತ್ತು. ಗಾಜಿನೊಳಗೆ ಅಲುಗಾಡದೆ ನಿಂತಿತ್ತು. ಆ ಕ್ಷಣ ಅವರು ಫೈರ್‌ಮನ್ ಆಗಿರಲಿಲ್ಲ, ಗಣಿಯವನ ಮಗನಾಗಿದ್ದರು. ದೀಪ ಮೇಲೆತ್ತಿ ಅದೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದೇಬಿಟ್ಟರು. ಮೇಲಿನಿಂದ ನೋಡಿದರೆ ಬಗ್ಗಡ ಸುಮ್ಮನಿತ್ತು. ಅದನ್ನು ತುಳಿದು ಕಲಕಿದಾಗ ವಿಷ ಮೇಲೇಳುತ್ತದೆ. ಅದೂ ಅವರಿಗೆ ಗೊತ್ತಿದ್ದದ್ದೇ.

ಕೆಳಗೆ ಇನ್ನೊಂದು ನಿಯಮ ಮುರಿದರು. ಇಳಿದವನು ತನ್ನ ಹಗ್ಗ ಬಿಚ್ಚಬಾರದು. ಇದ್ದದ್ದು ಒಂದೇ ಹಗ್ಗ, ಅದನ್ನು ಬಿಚ್ಚಿ ತಮ್ಮನ ಕಂಕುಳಿಗೆ ಕಟ್ಟಿ "ಎಳೀರ್ಲಾ" ಎಂದು ಕೂಗಿದರು. ತಮ್ಮ ಮೇಲೆ ಬಂದ. ಅವನ ಮೈಯಿಂದ ಗಂಟು ಬಿಚ್ಚಿ ಹಗ್ಗವನ್ನು ಮತ್ತೆ ಕೆಳಗೆ ಎಸೆದಾಗ ಹಿಡಿಯಲು ಅವರ ಕೈ ಮೇಲೇಳಲಿಲ್ಲ. ಗದ್ದೆ ಕೆಲಸ ಮುಗಿಸಿ ಸುಸ್ತಾದವರ ಹಾಗೆ ಗೋಡೆಗೊರಗಿ ಕೂತಿದ್ದರು.

ಅಷ್ಟರಲ್ಲಿ ಫೈರ್ ಇಂಜಿನ್ ಬಂತು. ದಿನವೂ ಅವರ ಜೊತೆ ಕೆಲಸ ಮಾಡುವವರೇ ಬಂದಿದ್ದರು. ಕೆಳಗಿರುವುದು ಯಾರೆಂದು ಗೊತ್ತಾದ ಮೇಲೂ ಕ್ರಮ ಬಿಡಲಿಲ್ಲ. ಸಿಲಿಂಡರು ಬೆನ್ನಿಗೇರಿಸಿದರು, ಪಟ್ಟಿ ಎಳೆದರು, ಮೀಟರು ನೋಡಿದರು. ನಮ್ಮ ಜನಕ್ಕೆ ತಲೆ ಕೆಟ್ಟಿತು. "ಮದ್ವೆಗೆ ರೆಡಿ ಆಯ್ತಿದ್ದೀರೇನ್ರಲಾ?" ಎಂದು ಯಾರೋ ಅರಚಿದರು. ಅಮ್ಮ ಮಣ್ಣು ತೂರಿ ಶಾಪ ಹಾಕಿದರು. ನನ್ನ ಗಂಡನ ಜೋಡಿಯಾಗಿ ಯಾವಾಗಲೂ ಬೆಂಕಿಯೊಳಗೆ ಹೋಗುತ್ತಿದ್ದವರೊಬ್ಬರಿದ್ದರು. ಆ ಬೈಗುಳ ತಡೆಯಲಾರದೆ ಅವರು ಮಾಸ್ಕನ್ನು ಕೈಯಲ್ಲೇ ಹಿಡಿದುಕೊಂಡು ಅಳುತ್ತಾ ಏಣಿಗೆ ಕಾಲಿಟ್ಟರು.

ನಾನು ಅವರ ತೋಳು ಹಿಡಿದೆ. "ಪೂರ್ತಿ ಹಾಕ್ಕೊಂಡು ಇಳೀರಿ ಅಣ್ಣಾ" ಅಂದೆ.

ಅವರು ನನ್ನ ಮುಖ ನೋಡಿದರು. ಮಾಸ್ಕ್ ಹಾಕಿದರು. ಮಾಸ್ಕಿನ ಪೈಪಿಗೆ ಅಂಗೈ ಒತ್ತಿ, ಉಸಿರೆಳೆದು, ಎಲ್ಲಿಯೂ ಸೋರುತ್ತಿಲ್ಲ ಎಂದು ನೋಡಿಕೊಂಡರು. ಜೊತೆಗೆ ಇಳಿಯಬೇಕಾದ ಎರಡನೆಯವರೂ ಸಿದ್ಧರಾಗುವ ತನಕ ನಾನು ಅವರಿಗೂ ನಮ್ಮ ಜನಕ್ಕೂ ನಡುವೆ ಕೈ ಚಾಚಿ ನಿಂತಿದ್ದೆ. ಬೆನ್ನ ಹಿಂದೆ ಗುಂಡಿಯಲ್ಲಿ ನನ್ನ ಗಂಡ. ತಿರುಗಿ ನೋಡಿದರೆ ನಾನೇ ಹಾರಿಬಿಡುತ್ತೇನೆ ಎಂದು ತಿರುಗಲಿಲ್ಲ.

ನನ್ನ ಗಂಡನನ್ನು ಮೇಲಕ್ಕೆ ತಂದಾಗ ಉಸಿರು ಇರಲಿಲ್ಲ. ಮಾಸ್ಕ್ ಹಾಕಲು ಹಿಡಿದ ಆ ಸ್ವಲ್ಪ ಹೊತ್ತಿನಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಕೆಲವು ದಿನ ಅದನ್ನು ನಂಬುತ್ತೇನೆ. ಕೆಲವು ದಿನ ನಂಬಿಕೆ ಬರುವುದಿಲ್ಲ, ಒಲೆ ಮುಂದೆ ಕೂತು ಅಳುತ್ತೇನೆ. ತಮ್ಮ ಬದುಕಿದ. ಅವನನ್ನು ನೋಡಿದರೆ ಸಂತೋಷವಾಗುತ್ತದೆ, ಸಂತೋಷವಾಯಿತಲ್ಲ ಎಂದು ಸಂಕಟವೂ ಆಗುತ್ತದೆ. ಮಾವ ಊಟಕ್ಕೆ ಕೂತರೆ ತಟ್ಟೆಯಿಂದ ತಲೆ ಎತ್ತುವುದಿಲ್ಲ. ನಾನು ಅವರನ್ನು ಏನೂ ಕೇಳಿಲ್ಲ. ನನ್ನ ಸಿಟ್ಟೆಲ್ಲ ಸತ್ತವರ ಮೇಲೆಯೇ.

ವರ್ಷದ ಕಾರ್ಯ ಮುಗಿದ ಮೇಲೆ ನನ್ನ ಗಂಡನ ಜೋಡಿಯಾಗಿದ್ದ ಅವರು ನನ್ನನ್ನೂ ಮಗಳನ್ನೂ ಬಂಗಾರಪೇಟೆಯ ತಮ್ಮ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. "ಅವತ್ತು ನೀವು ತಡೀದೆ ಇದ್ದಿದ್ರೆ ನಮ್ಮನೇವ್ರೂ ಇರ್ತಿರ್ಲಿಲ್ಲ ಅಕ್ಕಾ" ಎಂದು ಅತ್ತಳು. ಒಳಗೆ ಅವರು ನನ್ನ ಮಗಳಿಗೆ ಎಲೆ ಹಾಕಿ ನೀರು ಚಿಮುಕಿಸುತ್ತಿದ್ದರು. ನಾನು ಸೆರಗಿನ ತುದಿಯಿಂದ ಅವರ ಹೆಂಡತಿಯ ಕಣ್ಣೊರೆಸಿದೆ. ನನ್ನ ಗಂಡನಿಗೂ ನಾನು ಹೇಳಿದ್ದು ಅದೇ ಮಾತು. ಅವರು ಕೇಳಲಿಲ್ಲ, ಅವಳ ಗಂಡ ಕೇಳಿದರು.