ನಲವತ್ತೊಂದು ಗಂಟೆಯ ಕಸುವು

ಆ ಗಡಿಯಾರದ ಅಂಗಡಿಯ ಬಾಗಿಲಿಗೆ ಎಡಗಡೆ, ಕಿಟಕಿಯ ಬೆಳಕು ನೇರ ಬೀಳುವ ಜಾಗದಲ್ಲಿ, ಮೂರಡಿ ಅಗಲದ ಮೇಜೊಂದಿತ್ತು. ಅದರ ಮೇಲೆ ನೀಲಿ ಬಟ್ಟೆಯ ಹಾಸು, ಕತ್ತು ಬಗ್ಗುವ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಹಿಂದೆ ಒರಗಿಲ್ಲದ ಸ್ಟೂಲು. ಆ ಸ್ಟೂಲಿನ ಮೇಲೆ ಕೀ ಅಕ್ಕ ಮೂವತ್ತನಾಲ್ಕು ವರ್ಷದಿಂದ ಕೂತಿದ್ದಳು. ಗಡಿಯಾರಕ್ಕೆ ಕೀ ಕೊಡುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳಿಲ್ಲ ಎಂದು ಬೀದಿಯವರೇ ಹಾಗೆ ಕರೆಯತೊಡಗಿದ್ದರು.

ಈಗ ಆ ಮೇಜಿನ ಮೇಲೆ ಕಣ್ಣು ಬಿದ್ದಿತ್ತು. ಹಳೆಯ ಯಜಮಾನರು ಮಂಡಿನೋವಿಗೆ ಮನೆ ಹಿಡಿದ ಮೇಲೆ ಅಂಗಡಿಗೆ ಬಂದವನು ಅವರ ಅಳಿಯ. ಕೆಟ್ಟವನೇನಲ್ಲ, ಆದರೆ ನಿಂತಲ್ಲಿ ನಿಲ್ಲುವವನೂ ಅಲ್ಲ. ಬಂದ ತಿಂಗಳಿಗೇ ಗೋಡೆಗೆ ಬಣ್ಣ ಹೊಡೆಸಿದ, ಎರಡನೇ ತಿಂಗಳಿಗೆ ಒಂದು ಯಂತ್ರ ತಂದ. ಗಡಿಯಾರವನ್ನು ಅದರ ಮೇಲಿಟ್ಟರೆ ಕೆಂಪು ಅಂಕಿಗಳಲ್ಲಿ ನಾಡಿ ಹೇಳುತ್ತಿತ್ತು. ಮೂರನೇ ತಿಂಗಳಿಗೆ, "ಅಕ್ಕಾ, ಈ ಜಾಗಕ್ಕೆ ಒಂದು ಗಾಜಿನ ಕಪಾಟು ಬಂದ್ರೆ ಅಂಗಡಿಗೇ ಒಂದು ಕಳೆ ಬರುತ್ತೆ. ನೀವು ಎಷ್ಟು ದಿನ ಅಂತ ಕಣ್ಣು ಸವೆಸ್ತೀರಿ, ಮನೇಲಿ ಹಾಯಾಗಿರಿ" ಅಂದ.

"ಕಳೆ ಬೇಕಾದ್ರೆ ನನ್ನ ಮುಖಕ್ಕೂ ಒಂದು ಕೋಟು ಬಣ್ಣ ಹೊಡೆಸಿ, ಅಳಿಯಂದಿರೇ. ಮೇಜು ಮಾತ್ರ ಅಲ್ಲಾಡಲ್ಲ" ಅಂದಳು ಕೀ ಅಕ್ಕ.

ಅವಳಿಗೆ ಈ ವಿದ್ಯೆ ಬಂದದ್ದು ಮಾವನಿಂದ. ಮೊದಲು ಆ ಮೇಜಿನಲ್ಲಿ ಕೂರುತ್ತಿದ್ದವರು ಅವರೇ. ಐವತ್ತೆಂಟಕ್ಕೆ ಅವರ ಕೈ ನಡುಗತೊಡಗಿತು. ಊಟದ ಡಬ್ಬಿ ತಂದ ಸೊಸೆ, ಒಂದು ದಿನ ನೆಲಕ್ಕೆ ಬಿದ್ದ ಸ್ಕ್ರೂ ಒಂದನ್ನು, ಅದು ಎಳ್ಳಿಗಿಂತ ಸಣ್ಣದು, ಬೆರಳ ತುದಿ ಒದ್ದೆ ಮಾಡಿಕೊಂಡು ಎತ್ತಿ ಅದರ ತೂತಿನಲ್ಲೇ ಕೂರಿಸಿದಳು. ಮಾವ ಅವಳ ಕೈಯನ್ನೇ ನೋಡಿದರು. "ಡಬ್ಬಿ ಕೆಳಗಿಡಮ್ಮ. ಸ್ಟೂಲು ಎಳ್ಕೊ" ಅಂದರು. ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ ಗಂಡ ಸುದ್ದಿ ಕೇಳಿ ಮೂಗು ಮುರಿದ. "ಹಾಗಾದ್ರೆ ನೀನೇ ಬಾರಪ್ಪ, ನಿನ್ನ ಕೈ ನಡುಗಲ್ಲವಲ್ಲ" ಎಂದು ಮಾವ ಮಗನನ್ನೇ ಕೂರಿಸಿದರು. ಗಂಡ ಅರ್ಧ ದಿನ ಕೂತ, ಎರಡು ಮುಳ್ಳು ಮುರಿದ, ಆಮೇಲೆ ಆ ವಿಷಯ ಎತ್ತಲಿಲ್ಲ.

ಮಾವ ಕಲಿಸಿದ್ದು ಬಾಯಿಂದ ಕಡಿಮೆ, ಕಿವಿಯಿಂದ ಹೆಚ್ಚು. ಕೈಯಿಂದಲೇ ಕೀ ಕೊಡುವ ಗಡಿಯಾರ ಸುಲಭ. ಹೊಟ್ಟೆ ತುಂಬಿದೊಡನೆ ಗುಂಡಿ ಬಿಗಿದು ನಿಲ್ಲುತ್ತದೆ, ಸಾಕು ಅನ್ನುತ್ತದೆ. ಆಟೋಮ್ಯಾಟಿಕ್ ಗಡಿಯಾರ ಹಾಗಲ್ಲ. ಅದರೊಳಗೆ ಅರ್ಧಚಂದ್ರದಂಥ ತೂಕದ ಬಿಲ್ಲೆಯೊಂದಿರುತ್ತದೆ. ಕಟ್ಟಿಕೊಂಡವರ ಕೈ ಆಡಿದಂತೆಲ್ಲ ಬಿಲ್ಲೆ ತಿರುಗಿ ಸ್ಪ್ರಿಂಗಿಗೆ ಸುತ್ತು ಏರಿಸುತ್ತದೆ. ಪಕ್ಕದ ಗುಂಡಿ ತಿರುವಿಯೂ ಏರಿಸಬಹುದು. ಆದರೆ ತುಂಬಿದರೂ ಅದು ಸಾಕು ಅನ್ನುವುದಿಲ್ಲ, ಮಿಕ್ಕಿದ್ದನ್ನು ಒಳಗೊಳಗೇ ಜಾರಿಸಿಬಿಡುತ್ತದೆ. ಆ ಜಾರುವ ಸದ್ದು ಪೆಟ್ಟಿಗೆಯೊಳಗೆ ರೇಷ್ಮೆ ಬಟ್ಟೆ ಸರಿದಂತೆ. ಕೇಳಿಸಿದವರಿಗೆ ಕೇಳಿಸಿತು, ಇಲ್ಲದವರಿಗೆ ಇಲ್ಲ. ಮಾವ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಗಡಿಯಾರ ಕೈಗಿಡುತ್ತಿದ್ದರು. "ಇದರಲ್ಲಿ ಇನ್ನೆಷ್ಟು ಗಂಟೆಯ ಕಸುವಿದೆ?" ಮೊದಲ ವರ್ಷ ಹತ್ತು ಗಂಟೆ ಆ ಕಡೆ ಈ ಕಡೆ ಆಗುತ್ತಿತ್ತು. ಮೂರನೆಯ ವರ್ಷಕ್ಕೆ ಅರ್ಧ ಗಂಟೆಗೆ ಬಂತು. ಆ ದಿನ ಮಾವ ಅವಳ ಡಬ್ಬಿಯನ್ನು ತಾವೇ ತೊಳೆದು ಕೊಟ್ಟರು.

ಮೇಜಿನ ಜಗಳ ಹೀಗೆ ನಡೆದಿರುವಾಗಲೇ ಒಂದು ಸೋಮವಾರ ಮಧ್ಯಾಹ್ನ ಬಸ್ ಡ್ರೈವರು ಬಂದ. ಬಸ್ಸು ಬಿಟ್ಟು ಐದು ತಿಂಗಳಾಗಿತ್ತು, ಆದರೂ ಬೀದಿಗೆ ಅವನು ಡ್ರೈವರೇ. ಕೈಯಲ್ಲಿ ಇಪ್ಪತ್ತೆಂಟು ವರ್ಷದ ಆಟೋಮ್ಯಾಟಿಕ್.

"ದಿನಾ ಬೆಳಿಗ್ಗೆ ಎದ್ದು ನೋಡಿದ್ರೆ ನಿಂತಿರುತ್ತೆ. ನಾನು ಕೆಲಸ ಬಿಟ್ಟೆ, ಇದೂ ಬಿಡ್ತು" ಅಂದ. ನಗಲು ನೋಡಿದ, ನಗು ಬರಲಿಲ್ಲ.

ಅಳಿಯ ಚುರುಕಾಗಿ ಅದನ್ನು ಯಂತ್ರದ ಮೇಲಿಟ್ಟ. ಕೆಂಪು ಅಂಕಿಗಳು ಕುಂಟುತ್ತ ಬಂದವು. "ನೋಡಿ ಸಾರ್, ನಾಡಿಯೇ ಇಲ್ಲ. ಇದು ಮುಗೀತು. ಇನ್ನು ರಿಪೇರಿಗೆ ಸುರಿಯೋ ಬದಲು ಸೆಲ್ ಹಾಕೋ ಹೊಸದೊಂದು ತಗೊಳ್ಳಿ."

ಡ್ರೈವರನ ಭುಜ ಒಂದಿಂಚು ಕೆಳಗಿಳಿದದ್ದು ಕೀ ಅಕ್ಕನಿಗೆ ಮೇಜಿನಿಂದಲೇ ಕಾಣಿಸಿತು.

"ಇಲ್ಲಿ ಕೊಡಿ ಅದನ್ನ" ಅಂದಳು. ಕಿವಿಗಿಟ್ಟಳು. ಸದ್ದು ತೆಳ್ಳಗಿತ್ತು, ಆದರೆ ಸೊಟ್ಟಗಿರಲಿಲ್ಲ. "ಹಸಿದವನನ್ನ ಓಡಿಸಿ ಇವನ ಕಾಲೇ ಸರಿಯಿಲ್ಲ ಅಂತೀರಲ್ಲ, ಅಳಿಯಂದಿರೇ. ಮೊದಲು ಊಟ ಹಾಕಿ, ಆಮೇಲೆ ನಾಡಿ ನೋಡಿ." ಡ್ರೈವರನ ಕಡೆ ತಿರುಗಿದಳು. "ನೀವು ದಿನಾ ಎಂಟು ಗಂಟೆ ಸ್ಟೇರಿಂಗ್ ತಿರುಗಿಸ್ತಿದ್ರಿ. ಅದೇ ಇದಕ್ಕೆ ಊಟ. ಈಗ ಏನು ಮಾಡ್ತೀರಿ?"

"ಏನು ಮಾಡ್ಲಿ? ಕುರ್ಚಿ, ಪೇಪರು."

"ಪೇಪರ್ ಪುಟ ತಿರುವಿದ್ರೆ ಹೊಟ್ಟೆ ತುಂಬುತ್ತಾ ಇದಕ್ಕೆ? ಗುಂಡಿ ತಿರುಗಿಸಿ ಕೀ ಕೊಡಬೇಕು."

"ನಾಲ್ಕು ಸುತ್ತು ಕೊಡ್ತೀನಿ. ಜಾಸ್ತಿ ಕೊಟ್ಟು ಮುರಿದುಹೋದ್ರೆ ಅಂತ..."

"ನಾಲ್ಕು ತುತ್ತಿಗೆ ಯಾರು ದಿನ ತಳ್ತಾರೆ?"

ಅಳಿಯನಿಗೆ ಗಿರಾಕಿಯ ಎದುರು ಮಾನ ಹೋದಂತಾಯಿತು. "ಅಕ್ಕಾ, ಕಿವಿ ಹೇಳಿದ್ದು ಸಾಕ್ಷಿಯಲ್ಲ. ಯಂತ್ರ ಸುಳ್ಳು ಹೇಳಲ್ಲ."

"ಹಾಗಾದ್ರೆ ನಿಮ್ಮ ಯಂತ್ರ ಹೇಳ್ಲಿ, ಇದು ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ. ನಾನು ಹೇಳ್ತೀನಿ. ತಪ್ಪಿದ್ರೆ ನಾನೇ ಮೇಜು ಖಾಲಿ ಮಾಡ್ತೀನಿ. ಸರಿಯಾದ್ರೆ ಮೇಜಿನ ಮಾತು ನಿಮ್ಮ ಬಾಯಲ್ಲಿ ಮತ್ತೆ ಬರಕೂಡದು."

ಅಳಿಯ ತಟ್ಟನೆ ಒಪ್ಪಿದ. ಅಷ್ಟು ಸುಲಭವಾಗಿ ಮೇಜು ಸಿಗುತ್ತದೆಂದು ಅವನು ಎಣಿಸಿರಲಿಲ್ಲ.

ಕೀ ಅಕ್ಕ ಹೆಬ್ಬೆರಳು ತೋರುಬೆರಳಿನ ನಡುವೆ ಗುಂಡಿ ಹಿಡಿದಳು. ಅರ್ಧ ತಿರುವು ಮುಂದಕ್ಕೆ, ಬೆರಳು ಸಡಿಲಿಸಿ ಹಿಂದಕ್ಕೆ, ಅವಸರವಿಲ್ಲ. ಮೊದಲ ಹತ್ತು ಸುತ್ತು ಖಾಲಿ ಚೀಲದಂತೆ ಸಡಿಲ. ಇಪ್ಪತ್ತಕ್ಕೆ ಬೆರಳಿಗೆ ಸಣ್ಣ ಎದುರು ಸಿಕ್ಕಿತು. ಮೂವತ್ತೆರಡಕ್ಕೆ ಒಳಗೆ ರೇಷ್ಮೆ ಸರಿಯಿತು. ಇನ್ನೆರಡು ಸುತ್ತು ಕೊಟ್ಟು, ಮತ್ತೆ ಸರಿದದ್ದು ಕೇಳಿ ಕೈ ಬಿಟ್ಟಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ.

"ಹೊಸತರಲ್ಲಿ ಇದು ನಲವತ್ಮೂರು ಗಂಟೆ ಓಡಿರುತ್ತೆ. ಈಗ ಎಣ್ಣೆ ಸ್ವಲ್ಪ ಮಂದವಾಗಿದೆ, ನಲವತ್ತೊಂದು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲುತ್ತೆ. ಅರ್ಧ ಗಂಟೆ ಆ ಕಡೆ, ಅರ್ಧ ಗಂಟೆ ಈ ಕಡೆ."

"ಒಳಗೆ ನನ್ನ ಕೋಣೆಯಲ್ಲಿರಲಿ. ನಿಮ್ಮ ಕೈಗೆ ಸಿಗಬಾರದು."

"ಇಟ್ಕೊಳ್ಳಿ. ಮಲಗಿಸಿ ಇಡಿ, ಯಾರೂ ಮುಟ್ಟಕೂಡದು. ಅಷ್ಟೇ."

"ನಾನ್ಯಾಕೆ ಮುಟ್ಲಿ?" ಅಂದ ಅಳಿಯ.

ಮಂಗಳವಾರ ಹಾಗೇ ಕಳೆಯಿತು. ಕೀ ಅಕ್ಕ ಎರಡು ಗೋಡೆ ಗಡಿಯಾರ ಬಿಚ್ಚಿ ಕಟ್ಟಿದಳು, ಒಂದು ಕೈಗಡಿಯಾರದ ಪಟ್ಟಿಗೆ ತೂತು ಹಾಕಿದಳು. ಒಳಕೋಣೆಯ ಕಡೆ ಒಮ್ಮೆಯೂ ತಲೆ ತಿರುಗಿಸಲಿಲ್ಲ.

ಬುಧವಾರ ಎಂಟೂವರೆಗೆ ಅವಳು ಬಂದಾಗ ಬೀದಿಯಲ್ಲಿ ಒಂದು ಕೈಗಾಡಿ, ಗಾಡಿಯ ಮೇಲೆ ಗೋಣಿ ಸುತ್ತಿದ ಗಾಜಿನ ಕಪಾಟು, ಪಕ್ಕದಲ್ಲಿ ಇಬ್ಬರು ಹಮಾಲಿಗಳು. ಪಂದ್ಯ ಕಟ್ಟಿದ ಸಂಜೆಯೇ ಅಳಿಯ ಕಪಾಟಿಗೆ ಹೇಳಿಕಳಿಸಿದ್ದ. ಅಷ್ಟೇ ಅಲ್ಲ, ಅವಳ ದೀಪದ ವೈರು ಕಿತ್ತು ಸುರುಳಿ ಮಾಡಿ ಕಪಾಟಿನವರ ಕೈಗೆ ಅಡ್ಡ ಬರದಂತೆ ಬೀರುವಿನ ಮೇಲೆ ಇಟ್ಟಿದ್ದ. ಡ್ರೈವರೂ ಬಂದು ಗೋಡೆಗೊರಗಿ ನಿಂತಿದ್ದ.

ಒಂಬತ್ತಾಯಿತು. ಅಳಿಯ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಹೊರಬಂದ. ಓಡುತ್ತಿತ್ತು. ಒಂಬತ್ತೂವರೆ ದಾಟಿತು, ಓಡುತ್ತಿತ್ತು. ಹತ್ತು, ಹನ್ನೊಂದು. ಹನ್ನೆರಡಕ್ಕೆ ಅಳಿಯನ ಮುಖ ಮದುವೆ ಮನೆಯಾಗಿತ್ತು.

"ಏನಕ್ಕಾ? ಒಂಬತ್ತಕ್ಕೆ ಅಂದಿದ್ರಿ?"

ಕೀ ಅಕ್ಕನ ಕಿವಿ ಬಿಸಿಯಾಯಿತು. ಒಂದು ಗಳಿಗೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ವಯಸ್ಸಾಯಿತೇ, ಮಾವನಿಗೆ ಕೈ ಹೋದಂತೆ ತನಗೆ ಕಿವಿ ಹೋಯಿತೇ? ಕೈ ಚಾಚಿ ಗಡಿಯಾರ ಇಸಿದುಕೊಂಡು ಅಲ್ಲಾಡಿಸದೆ ಕಿವಿಯ ಬಳಿ ಹಿಡಿದಳು. ನಲವತ್ತನಾಲ್ಕು ಗಂಟೆ ಉಪವಾಸವಿದ್ದ ಗಡಿಯಾರದ ಸದ್ದು ಅದಲ್ಲ. ಯಾರೋ ನಡುವೆ ಉಣಿಸಿದ್ದಾರೆ.

"ಇದನ್ನ ಮುಟ್ಟಿದ್ದೀರಿ."

"ನಾನು ಗುಂಡಿಗೆ ಕೈ ಹಚ್ಚಿದ್ರೆ ಹೇಳಿ!" ಅಳಿಯ ಸಿಡಿದ. ಜೇಬಿನಿಂದ ಒಂದು ರಟ್ಟು ತೆಗೆದು ಅವಳ ಮುಂದೆ ಒಗೆದ. "ಓದಿ. ಗಂಟೆಗೊಂದು ಸಲ ನೋಡಿ ಬರೆದಿದ್ದೀನಿ. ಎತ್ತಿದ್ದೀನಿ, ಓಡ್ತಿದೆಯಾ ಅಂತ ಒಂಚೂರು ಅಲ್ಲಾಡಿಸಿ ಕಿವಿಗಿಟ್ಟು ಕೇಳಿದ್ದೀನಿ, ಬರೆದಿದ್ದೀನಿ. ಊಟಕ್ಕೆ ಹೋಗುವಾಗ ಕೂಡ ಇಲ್ಲಿ ಬಿಡಲಿಲ್ಲ, ಜೇಬಲ್ಲೇ ಇಟ್ಕೊಂಡು ಸ್ಕೂಟರಲ್ಲಿ ಹೋದೆ, ಬಂದೆ. ರಾತ್ರಿನೂ ಮನೆಗೇ. ಅಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೀನಿ!"

ಗೋಡೆಗೊರಗಿದ್ದ ಡ್ರೈವರು ಮೊದಲು ನಕ್ಕ. ಸೋಮವಾರ ಬಾರದ ನಗು ಈಗ ಹೊಟ್ಟೆಯಿಂದ ಬಂತು. "ಸ್ಕೂಟರಲ್ಲಾ? ಈ ರಸ್ತೆಯಲ್ಲಾ? ಅಯ್ಯೋ ಸ್ವಾಮಿ, ನನ್ನ ಬಸ್ಸಿಗಿಂತ ಚೆನ್ನಾಗಿ ಕುಲುಕಿದ್ದೀರಿ ಬಿಡಿ!"

"ಕಾದಿದ್ದಲ್ಲ ಅಳಿಯಂದಿರೇ, ಸಾಕಿದ್ದೀರಿ" ಅಂದಳು ಕೀ ಅಕ್ಕ. "ಕೈ ಆಡಿದ್ರೆ ಇದಕ್ಕೆ ಊಟ ಅಂತ ನಿಮ್ಮೆದುರೇ ಹೇಳಿದ್ದೆ. ನೀವು ನೋಡಿದಾಗೆಲ್ಲ ಒಂದು ತುತ್ತು, ಸ್ಕೂಟರ್ ಹತ್ತಿದಾಗೆಲ್ಲ ಒಂದು ತಟ್ಟೆ."

ಅಳಿಯನ ಕಿವಿ ಕೆಂಪಾಯಿತು, ಆದರೆ ಪಟ್ಟು ಬಿಡಲಿಲ್ಲ. "ಅದೆಲ್ಲ ಗೊತ್ತಿಲ್ಲ. ಮಾತು ಮಾತೇ. ಬುಧವಾರ ಒಂಬತ್ತು ಅಂದ್ರಿ, ನಿಲ್ಲಲಿಲ್ಲ. ಏಯ್, ಒಳಗೆ ಬನ್ರಪ್ಪ, ಮೇಜು ಎತ್ತಿ."

ಹಮಾಲಿಗಳು ಒಳಬಂದರು. ಕೀ ಅಕ್ಕ ಸ್ಟೂಲು ಬಿಟ್ಟು ಏಳಲಿಲ್ಲ. ಎರಡೂ ಮೊಣಕೈ ನೀಲಿ ಬಟ್ಟೆಯ ಮೇಲೆ ಊರಿದಳು.

"ಎತ್ತಿ. ನನ್ನನ್ನೂ ಸೇರಿಸಿ ಎತ್ತಿ. ಬೀದಿಯಲ್ಲಿಟ್ರೆ ಬೀದಿಯಲ್ಲೇ ಕೆಲಸ ಮಾಡ್ತೀನಿ, ಅಲ್ಲಿ ಬೆಳಕು ಇನ್ನೂ ಚೆನ್ನಾಗಿದೆ."

ದಪ್ಪ ಹಮಾಲಿ ಅವಳನ್ನು ನೋಡಿದ, ಅಳಿಯನನ್ನು ನೋಡಿದ. "ನಮಗೆ ಸಾಮಾನು ಎತ್ತಿ ಅಂದಿದ್ರು ಸ್ವಾಮಿ, ಅಮ್ಮನ್ನ ಎತ್ತಿ ಅಂದಿರಲಿಲ್ಲ" ಎಂದು ಹೆಗಲ ವಸ್ತ್ರ ಕೆಳಗಿಳಿಸಿದ.

"ಹಾಗೆ ಸುಮ್ಮನೆ ನನ್ನ ಮಾತು ನಂಬಿ ಅಂತಲೂ ನಾನು ಹೇಳಲ್ಲ" ಅಂದಳು ಕೀ ಅಕ್ಕ. ಗಡಿಯಾರವನ್ನು ಮತ್ತೊಮ್ಮೆ ಕಿವಿಗೆ ಹಿಡಿದಳು. ಈ ಸಲ ಕಣ್ಣು ಮುಚ್ಚಿದ್ದಳು, ಬಟ್ಟೆ ಕಟ್ಟಿದಂತೆ. ಬೀದಿಯ ಹಾರ್ನು, ಪಕ್ಕದ ಹೊಲಿಗೆ ಯಂತ್ರ, ಅಳಿಯನ ಉಸಿರು, ಎಲ್ಲವನ್ನೂ ಒಂದೊಂದಾಗಿ ಬದಿಗೆ ಸರಿಸಿದ ಮೇಲೆ ಟಿಕ್ಕು ಒಂಟಿಯಾಗಿ ಉಳಿಯಿತು. ಬಹಳ ಹೊತ್ತು ಕೇಳಿದಳು. ಹೊಸದಾಗಿ ಕೀ ಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡೋಣ ಅನ್ನಬಹುದಿತ್ತು, ಅನ್ನಲಿಲ್ಲ. ಎಣಿಸಿದ ಸುತ್ತಿನ ಆಸರೆಯಿಲ್ಲ, ಸ್ಕೂಟರು ಎಷ್ಟು ಉಣಿಸಿದೆಯೋ ಯಾರಿಗೂ ಗೊತ್ತಿಲ್ಲ. ಇದ್ದದ್ದು ಕಿವಿಯೊಂದೇ.

"ಮೂರು ಗಂಟೆಯ ಕಸುವಿದೆ. ಈಗ ಹನ್ನೆರಡೂ ಕಾಲು. ಮೂರೂ ಕಾಲಿಗೆ ನಿಲ್ಲುತ್ತೆ. ಈ ಸಲ ಕಾಲು ಗಂಟೆ ಮಾತ್ರ ಆಚೆ ಈಚೆ. ತಪ್ಪಿದ್ರೆ ಈ ಮೇಜನ್ನ ನಾನೇ ಹೊತ್ತು ಗಾಡಿಗೆ ಹಾಕ್ತೀನಿ."

ನೀಲಿ ಬಟ್ಟೆಯ ನಡುವೆ ಗಡಿಯಾರ ಮಲಗಿಸಿ, ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

ಅಂಗಡಿಯಲ್ಲಿ ಅಂಥ ಮಧ್ಯಾಹ್ನ ಹಿಂದೆ ಬಂದಿರಲಿಲ್ಲ. ಹಮಾಲಿಗಳು ಹೋಗಬಹುದಿತ್ತು, ಹೋಗಲಿಲ್ಲ. ಹೊಸಿಲ ಮೇಲೆ ಕೂತು ತಮ್ಮ ಬುತ್ತಿ ಬಿಚ್ಚಿದರು. ಡ್ರೈವರು ಎದುರಿನ ಸ್ಟೂಲಿನಲ್ಲಿ ಬಸ್ಸಿನ ಸೀಟಿನಲ್ಲಿ ಕೂರುವಂತೆ ನೆಟ್ಟಗೆ ಕೂತ. ಪಟ್ಟಿ ಕೊಳ್ಳಲು ಬಂದ ಹೆಂಗಸೊಬ್ಬಳು ವಿಷಯ ಕೇಳಿ ಪಟ್ಟಿ ಮರೆತಳು. ಅಳಿಯ ಊಟಕ್ಕೆ ಹೋಗಲಿಲ್ಲ. ಎರಡು ಸಲ ಅಭ್ಯಾಸಬಲದಿಂದ ಅವನ ಕೈ ಗಡಿಯಾರದ ಕಡೆ ಚಾಚಿತು, ಎರಡು ಸಲವೂ ನಾಲ್ಕು ಬಾಯಿ ಒಟ್ಟಿಗೆ "ಆಂ!" ಅಂದವು.

ಮೂರು ಗಂಟೆಗೆ ಸೆಕೆಂಡಿನ ಮುಳ್ಳು ಓಡುತ್ತಲೇ ಇತ್ತು. ಮೂರೂ ಹತ್ತಕ್ಕೂ ಇತ್ತು. ಕೀ ಅಕ್ಕ ನೀರಿನ ಲೋಟಕ್ಕೂ ಕೈ ಹಾಕಲಿಲ್ಲ, ಮೇಜು ಅಲುಗೀತೆಂದು. ಮೂರೂ ಕಾಲು ಆಯಿತು, ದಾಟಿತು. ಅಳಿಯ ಗಂಟಲು ಸರಿಮಾಡಿಕೊಂಡ. ಮೂರೂ ಇಪ್ಪತ್ತು. ಮೂರೂ ಇಪ್ಪತ್ತೆರಡಕ್ಕೆ ಮುಳ್ಳು ಒಮ್ಮೆ ತಡವರಿಸಿತು, ಮುಂದೊಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಡಲಿಲ್ಲ.

ಮೊದಲು ಮಾತಾಡಿದವನು ದಪ್ಪ ಹಮಾಲಿ. "ಅಲ್ಲಾ ಅಮ್ಮಾ, ನನ್ನ ಮಾವ ಎಷ್ಟು ಹೊತ್ತಿಗೆ ಬಾಯಿ ಮುಚ್ತಾನೆ ಅಂತ ಹೀಗೇ ಹೇಳಕ್ಕಾಗುತ್ತಾ?"

ಅಳಿಯ ರಟ್ಟನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಕ್ಷಮೆ ಕೇಳಲಿಲ್ಲ, ಅವಳೂ ಅದಕ್ಕೆ ಕಾಯಲಿಲ್ಲ. "ಕಪಾಟು ಒಳಕೋಣೆಗೆ ಹಾಕಿ" ಎಂದು ಹಮಾಲಿಗಳಿಗೆ ಹೇಳಿದ. ಒಳಕೋಣೆ ಅವನದೇ. ಅದರಲ್ಲಿ ಕಪಾಟು ಹಿಡಿಸಿದರೆ ಅವನ ಕುರ್ಚಿ ಹಿಡಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೀ ಅಕ್ಕ ಗಡಿಯಾರವನ್ನು ಡ್ರೈವರನ ಕೈಗಿಟ್ಟಳು. "ಕೀ ಕೊಡಿ. ನೀವೇ."

"ಎಷ್ಟು?"

"ಎಣಿಸಿ. ಮೂವತ್ತು ಆದ ಮೇಲೆ ಎಣಿಸೋದು ಬಿಟ್ಟು ಕೇಳಿ."

ಅವನು ದಪ್ಪ ಬೆರಳುಗಳಲ್ಲಿ ಹೆದರುತ್ತ ತಿರುವಿದ. ಎಂಟಕ್ಕೇ ನಿಲ್ಲಿಸಲು ನೋಡಿದ. ಅವಳು ಹುಬ್ಬು ಏರಿಸಿದಳು, ಮುಂದುವರಿಸಿದ. ಮೂವತ್ತು ದಾಟಿದ ಮೇಲೆ ಅವನ ಮುಖ ಒಂದು ಬದಿಗೆ ವಾಲಿತು. "ಏನೋ... ಜಾರಿದ ಹಾಗೆ..."

"ಅದೇ. ದಿನಾ ಬೆಳಿಗ್ಗೆ ಅದು ಜಾರೋವರೆಗೆ ಕೊಡಿ. ಮುರಿಯಲ್ಲ. ಅದು ಅಷ್ಟು ಸುಲಭಕ್ಕೆ ಮುರಿಯೋದಲ್ಲ."

ಆಮೇಲೆ ಅವಳು ಅಳಿಯನ ಕಡೆ ತಿರುಗಿ, ಬೀರುವಿನ ಮೇಲಕ್ಕೆ ಬೆರಳು ತೋರಿಸಿದಳು.

"ನನ್ನ ದೀಪದ ವೈರು ಅಲ್ಲಿದೆ. ಇಳಿಸಿಕೊಡಿ. ಅರ್ಧ ದಿನದ ಕೆಲಸ ಹಾಗೇ ಬಿದ್ದಿದೆ."