ನೀರಿಗೂ ತೂಕ ಅದ ಎಂದ ಜಗದೇವಿ ಟೀಚರ್

ಹೆಂಗಸರು ವಯಸ್ಸು ಹೇಳಲೂ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ನಮ್ಮ ಜಗದೇವಿ ಟೀಚರ್ ದಿನಾ ಬೆಳಿಗ್ಗೆ ತಮ್ಮ ತೂಕವನ್ನು ಮೈದಾನಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಪ್ರಾರ್ಥನೆಯ ಗಂಟೆಗೆ ಮುಂಚೆ, ಆಟದ ಸಾಮಾನಿನ ಕೋಣೆಯ ಎದುರಿಗಿದ್ದ ತೂಕದ ಯಂತ್ರದ ಮೇಲೆ ಬೂಟು ಬಿಚ್ಚಿ ನಿಲ್ಲುವರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಬಗ್ಗಿ ಮುಳ್ಳು ನೋಡುವರು.

"ಎಪ್ಪತ್ತೆಂಟು. ನಿನ್ನಿಗಿಂತ ಒಂದ್ ಕಿಲೋ ಜಾಸ್ತಿ. ಯಾಕ, ಹೇಳ್ರಿ ನೋಡಮಾ?"

ನಾವು ಸುತ್ತ ನಿಂತು ಪತ್ತೇದಾರಿಕೆ ಶುರು ಮಾಡುತ್ತಿದ್ದೆವು. ಒಬ್ಬಳು ನಿನ್ನೆ ಟೀಚರ್ ಮದುವೆಗೆ ಹೋಗಿದ್ದನ್ನು ಕಂಡಿರುತ್ತಿದ್ದಳು. ಇನ್ನೊಬ್ಬಳು ಇಂದು ಅವರು ಬಂದೊಡನೆ ಚಹಾ ಕುಡಿದದ್ದನ್ನು ನೆನಪಿಸುತ್ತಿದ್ದಳು. ಟೀಚರ್ ಎಲ್ಲ ಕೇಳಿಸಿಕೊಂಡು ತೀರ್ಪು ಕೊಡುವರು. "ಮದಿವ್ಯಾಗ ಹಪ್ಪಳ, ಉಪ್ಪಿನಕಾಯಿ ಹೊಟ್ಟಿತುಂಬ ತಿಂದೀನಿ. ಉಪ್ಪು ಮೈಯಾಗ ನೀರ ಹಿಡದ ಕುಂದ್ರಸ್ತದ. ನಾ ಒಂದ ದಿನದಾಗ ದಪ್ಪ ಆಗೀನೇನು? ಇಲ್ಲ. ನಾಡಿದ್ದ ನೋಡ್ರಿ, ತಾನ ಇಳಿತದ." ನಾಡಿದ್ದು ಇಳಿದೇ ಇರುತ್ತಿತ್ತು. ಇಳಿಯದಿದ್ದರೆ ಅದನ್ನೂ ಅಷ್ಟೇ ಜೋರಾಗಿ ಹೇಳುತ್ತಿದ್ದರು.

ಇದು ಎಂಬತ್ತರ ದಶಕದ ಮಾತು. ನಾನು ಕಮಲಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಜಗದೇವಿ ಟೀಚರ್ ನಮಗೆ ಆಟ ಕಲಿಸಲು ಕಲಬುರಗಿಯಿಂದ ಬಂದವರು. ಅಗಲವಾದ ಮೈ, ಹಣೆಯ ಮೇಲೆ ದೊಡ್ಡ ಕುಂಕುಮ, ನೂಲಿನ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟು ನೋಡಿ ಬಸ್ ಸ್ಟ್ಯಾಂಡಿನ ಮಂದಿ ನಗುತ್ತಿದ್ದರು. ಹುಡುಗಿಯರನ್ನು ಮಣ್ಣಿನಲ್ಲಿ ಉರುಳಾಡಿಸುವ ಟೀಚರಬಾಯಿ ಎಂದು ಊರಲ್ಲಿ ಹೆಸರೂ ಇಟ್ಟಿದ್ದರು. ಟೀಚರ್ ಆ ಹೆಸರನ್ನು ನಮ್ಮ ಮುಂದೆ ತಾವೇ ಹೇಳಿ ನಗುತ್ತಿದ್ದರು. ಅವರು ಕಬಡ್ಡಿ ಅಂಕಣದಲ್ಲಿ ಉಸಿರು ಹಿಡಿದು ನುಗ್ಗಿದರೆ ಹಿಡಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ದಿನಾ ತೂಕ ಹೇಳುವ ಈ ಪದ್ಧತಿ ಅವರ ಹುಡುಗಾಟವಲ್ಲ ಎಂದು ನನಗೆ ತಡವಾಗಿ ಅರ್ಥವಾಯಿತು. ನಮ್ಮ ವಯಸ್ಸಿನವರ ಕಬಡ್ಡಿಗೆ ತೂಕದ ಮಿತಿ ಇತ್ತು. ಮುಳ್ಳು ಮಿತಿ ದಾಟಿದರೆ ಪಟ್ಟಿಯಿಂದ ಹೆಸರು ಹೋಯಿತು ಎಂದೇ ಅರ್ಥ. ಹಾಗಾಗಿ ನಮಗೆಲ್ಲ ಆ ಯಂತ್ರವೆಂದರೆ ಹೆದರಿಕೆ. ನಿನ್ನೆಗಿಂತ ಅರ್ಧ ಕಿಲೋ ಹೆಚ್ಚಾದರೆ ಮಧ್ಯಾಹ್ನದ ಬುತ್ತಿ ಬಿಚ್ಚದೆ ಮನೆಗೆ ಒಯ್ಯುವ ಹುಡುಗಿಯರಿದ್ದರು. ಒಮ್ಮೆ ಹಾಗೆ ಉಪವಾಸವಿದ್ದವಳು ಅಂಕಣದಲ್ಲೇ ಕಣ್ಣುಕತ್ತಲೆ ಬಂದು ಬಿದ್ದಳು. ಅಂದು ಟೀಚರ್ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು, ನಮ್ಮ ತಾಯಂದಿರೂ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದರು.

"ತಿಂಗಳದ್ದು ಬರೂ ಮುಂದ ಮೈ ನೀರ ಹಿಡಿತದ. ಕಿಲೋ, ಕಿಲೋದ ಮ್ಯಾಲ ಏರ್ತದ. ಬಂದ ಮ್ಯಾಲ ಇಳಿತದ. ಅದಕ್ಕ ಬುತ್ತಿ ಬಿಡ್ತಾರೇನವ್ವ? ಕಾಟಾ ನಿಮ್ಮನ್ನ ಅಷ್ಟೇ ತೂಗಂಗಿಲ್ಲ. ನೀವು ಉಂಡ ರೊಟ್ಟಿ, ಕುಡದ ನೀರು, ಹೋಗಲಾರದ ಸಂಡಾಸ, ಎಲ್ಲಾ ಕೂಡಿಸಿ ತೂಗ್ತದ."

ನಾವು ತಲೆ ತಗ್ಗಿಸಿ ನಕ್ಕೆವು. ಆದರೆ ಮರುದಿನದಿಂದ ಯಾರೂ ಬುತ್ತಿ ವಾಪಸು ಒಯ್ಯಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ತಂಡ ಮೊದಲ ಸಲ ವಿಭಾಗ ಮಟ್ಟಕ್ಕೆ ಆಯ್ಕೆಯಾಯಿತು. ಆಟ ಕಲಬುರಗಿಯಲ್ಲಿ. ಎದುರಾಳಿಗಳ ಅಂಕಣಕ್ಕೆ ನುಗ್ಗುವ ಕೆಲಸ ಹೆಚ್ಚಾಗಿ ನನ್ನದು. ಮುಂದಿನ ವರ್ಷ ನಾನು ಹೈಸ್ಕೂಲಿನಲ್ಲಿರುವುದಿಲ್ಲ, ಆದ್ದರಿಂದ ನನಗೆ ಅದೊಂದೇ ಅವಕಾಶ. ತೂಕದಲ್ಲಿ ನಾನು ಮಿತಿಯ ಅಂಚಿನಲ್ಲೇ ಇದ್ದೆ. ಹೊರಡುವ ದಿನ ಬೆಳಿಗ್ಗೆ ಶಾಲೆಯಲ್ಲಿ ತೂಗಿದಾಗ ಮಿತಿಯೊಳಗೇ ಇದ್ದೆ.

ಬಸ್ಸಿನ ಹತ್ತಿರ ನಮ್ಮವ್ವ ಒಂದು ತಂಬಿಗೆ ತುಂಬ ಅಂಬಲಿ ತಂದಿದ್ದಳು. ಜೋಳದ ಹಿಟ್ಟಿನ ತೆಳ್ಳನೆಯ ಅಂಬಲಿಗೆ ಮಜ್ಜಿಗೆ, ಉಪ್ಪು, ಬೆಳ್ಳುಳ್ಳಿ ಹಾಕಿದ್ದಳು. ತೂಕದ ಭಯಕ್ಕೆ ನಾನು ಬೇಡವೆಂದೆ. ಅವ್ವ ಬಿಡಲಿಲ್ಲ. "ರೊಟ್ಟಿ ಕೊಟ್ಟಿದ್ರ ಬ್ಯಾಡ ಅನ್ನಬೇಕಿತ್ತು. ಇದು ನೀರಿದ್ದಂಗ ಅದ. ನೀರು ಎಲ್ಲಿ ತೂಕ ಬರ್ತದ? ಕುಡಿ." ಅವ್ವನ ಮಾತು ನನಗೂ ಸರಿ ಕಂಡಿತು. ತಂಬಿಗೆ ಖಾಲಿ ಮಾಡಿದೆ. ದಾರಿಯಲ್ಲಿ ಬಾಯಾರಿ ಇನ್ನಷ್ಟು ನೀರೂ ಕುಡಿದೆ.

ಕಲಬುರಗಿಯಲ್ಲಿ ಇಳಿದ ಮೇಲೆ, ಮರುದಿನ ಆಟದವರು ತೂಕ ನೋಡುವ ಮೊದಲು ನಾವೇ ಒಮ್ಮೆ ನೋಡಿಕೊಳ್ಳೋಣ ಎಂದು ಟೀಚರ್ ನಮ್ಮನ್ನು ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಕರೆದೊಯ್ದರು. ಅಲ್ಲಿ ತೊಗರಿಯ ಸಗಟು ಅಂಗಡಿಯೊಂದರಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಹುಡುಗಿಯರ ದಂಡು ಕಂಡು ಅಂಗಡಿಯ ಸಾಹೇಬರು ಗಾದಿಯಿಂದ ಎದ್ದರು.

"ಕ್ಯಾ ಹೋನಾ ಬಾಯಿ? ಏನ್ ಬೇಕು, ತೊಗರಿ?"

"ತೊಗರಿ ಬ್ಯಾಡ್ರಿ. ನಮ್ಮ ಹುಡುಗ್ಯಾರನ್ನ ತೂಗಬೇಕಾಗ್ಯಾದ."

"ಇಲ್ಲಿ ಮಾಲ್ ತೂಗ್ತೀವಿ ಬಾಯಿ, ಪೊಟ್ಟಿಯಾರನ್ನ ಅಲ್ಲ."

"ನಿಮ್ಮ ಕಾಟಾದಷ್ಟು ಖರೇ ಕಾಟಾ ಈ ಬಾಜಾರದಾಗ ಇಲ್ಲ ಅಂತ ಕೇಳಿ ಬಂದೀನ್ರಿ."

ಸಾಹೇಬರು ನಕ್ಕು ತಾವೇ ಕಾಟಾದ ಮೇಲಿನ ಧೂಳು ಒರೆಸಿ ಕೊಟ್ಟರು. ಒಬ್ಬೊಬ್ಬರಾಗಿ ನಿಂತೆವು. ನನ್ನ ಸರದಿ ಬಂದಾಗ ಅದು ಮಿತಿಗಿಂತ ಒಂದು ಕಿಲೋಕ್ಕೂ ಹೆಚ್ಚು ತೋರಿಸಿತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬರೀ ಅಂಬಲಿ, ನೀರು ಎಂದು ಅಳುತ್ತ ಹೇಳಿದೆ. ಅವ್ವನ ಮಾತನ್ನೂ ಹೇಳಿದೆ.

ಟೀಚರ್ ಬೈಯಲಿಲ್ಲ. ತಾವೇ ಕಾಟಾದ ಮೇಲೆ ನಿಂತು ತಮ್ಮ ತೂಕ ತೋರಿಸಿದರು. ಆಮೇಲೆ ಅಂಗಡಿಯ ಮಡಕೆಯಿಂದ ನಮ್ಮದೇ ತಂಬಿಗೆಯಲ್ಲಿ ನೀರು ತುಂಬಿಸಿ ಕೈಗೆ ತರಿಸಿಕೊಂಡರು. ತೂಕ ಏರಿತು. ಅಲ್ಲೇ ನಿಂತು ಗಟಗಟ ಕುಡಿದು ಮುಗಿಸಿ, ಖಾಲಿ ತಂಬಿಗೆಯನ್ನು ಕೈಯಲ್ಲೇ ಹಿಡಿದು, "ಈಗ ನೋಡ್ರಿ" ಎಂದರು. ಏರಿದ್ದು ಏರಿದಲ್ಲೇ ಇತ್ತು. "ನೀರು ಕೈಯಾಗ ಇದ್ರೂ ಅಷ್ಟೇ, ಹೊಟ್ಯಾಗ ಇದ್ರೂ ಅಷ್ಟೇ. ನೀರಿಗೂ ತೂಕ ಅದ. ಆದ್ರ ಅದು ಮೈಯಾಗ ಮನಿ ಮಾಡಂಗಿಲ್ಲ, ಬಂದ ದಾರಿ ಬಿಟ್ಟು ಇನ್ನೊಂದ ದಾರೀಲೆ ಹೋಗ್ತದ. ನಾಳಿ ಮುಂಜಾನಿತನ ತಡಿ, ಸಿದ್ದಮ್ಮ." ಸಾಹೇಬರೂ ಗಲ್ಲದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

ನಾವು ಇಳಿದುಕೊಂಡಿದ್ದ ಶಾಲೆಯಲ್ಲಿ ಬೇರೆ ಊರಿನ ತಂಡವೊಂದು ಮೈತುಂಬ ಶಾಲು ಹೊದ್ದು ಮೈದಾನ ಸುತ್ತುತ್ತಿತ್ತು. ಬೆವರು ಇಳಿಸಿ ತೂಕ ಇಳಿಸುವ ಉಪಾಯ. ನೀರು ಕುಡಿಯಲು ಅವರಿಗೆ ಅಪ್ಪಣೆ ಇರಲಿಲ್ಲ. ನಾನೂ ಓಡುತ್ತೇನೆ ಎಂದು ಟೀಚರ್ ಕೈ ಹಿಡಿದು ಬೇಡಿದೆ. ಅವರು ಒಪ್ಪಲಿಲ್ಲ. "ಹಿಂಡಿದ ಅರಿವಿ ಆಗಿ ಅಂಕಣಕ್ಕ ಹೋಗಿ ಏನ್ ಮಾಡ್ತೀ? ಕೂಡು, ಉಣ್ಣು." ಎರಡು ಬಿಸಿ ರೊಟ್ಟಿ, ಉಪ್ಪು ಕಡಿಮೆ ಹಾಕಿಸಿದ ಬೇಳೆ ನನ್ನ ಮುಂದಿಟ್ಟರು. ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಮಾಸ್ತರರು, ಈಗಲೇ ಸಿದ್ದಮ್ಮನ ಬದಲು ಬೇರೆಯವಳ ಹೆಸರು ಕೊಡೋಣ, ನಾಳೆ ತೂಕದಲ್ಲಿ ಸಿಕ್ಕಿಬಿದ್ದರೆ ಒಬ್ಬಳು ಕಡಿಮೆಯಾಗುತ್ತಾಳೆ ಎಂದರು. ಟೀಚರ್ ಅವರಿಗೆ ಒಂದೇ ಮಾತು ಹೇಳಿದರು. "ಒಂದ ಹೊತ್ತಿನ ತೂಕ ನೋಡಿ ಹುಡುಗಿನ್ನ ಬಿಡಂಗಿಲ್ರಿ. ತಪ್ಪಿದ್ರ ನಾ ತಪ್ಪೀನಿ ಅಂತ ಬರದ ಕೊಡ್ತೀನಿ." ನನಗೋ ಆಗ ಟೀಚರ್ ಮೇಲೆಯೇ ಸಿಟ್ಟು. ಗೊಣಗುತ್ತಾ ಗೊಣಗುತ್ತಾ ಎರಡು ರೊಟ್ಟಿಯನ್ನೂ ತಿಂದೆ.

ಬೆಳಿಗ್ಗೆ ಎದ್ದಾಗ ಮೈ ನಿಜಕ್ಕೂ ಹಗುರಾಗಿತ್ತು. ಆದರೆ ಇನ್ನೊಂದು ಎಡವಟ್ಟು ಆಯಿತು. ದೊಡ್ಡ ಆಟದ ದಿನ ತಲೆ ತೊಳೆಯದೆ ಹೋಗಬಾರದು ಎಂದು ನಾವೆಲ್ಲ ಬೆಳಕಾಗುವ ಮೊದಲೇ ತಲೆಗೆ ನೀರು ಹಾಕಿಕೊಂಡಿದ್ದೆವು. ನನ್ನ ಕೂದಲು ಆಗ ಮೊಣಕಾಲಿಗೆ ಮುಟ್ಟುತ್ತಿತ್ತು. ಒಣಗಲು ಹೊತ್ತಿಲ್ಲದೆ ಹಸಿಯಾಗಿಯೇ ಎರಡು ಜಡೆ ಹೆಣೆದು ಮೇಲೆ ಕಟ್ಟಿಕೊಂಡು ಹೋದೆ. ತೂಕದ ಮೇಜಿನಲ್ಲಿ ಮುಳ್ಳು ಮಿತಿಯನ್ನು ಚೂರೇ ಚೂರು ದಾಟಿ ನಿಂತಿತು.

ಮೇಜಿನ ಅಧಿಕಾರಿ ಕೆಟ್ಟವರೇನಲ್ಲ. ತೂಕ ಮುಗಿಯಲು ಇನ್ನೂ ಸಮಯವಿದೆ, ಆ ಕೂದಲನ್ನಾದರೂ ಕತ್ತರಿಸಿ ತನ್ನಿ ಎಂದರು. ಯಾರೋ ಕತ್ತರಿಯನ್ನೂ ತಂದರು. ಆಡಲು ಸಿಗುವುದಾದರೆ ಕತ್ತರಿಸಲಿ ಎಂದು ನಾನು ತಲೆ ಬಗ್ಗಿಸಿದೆ. ಟೀಚರ್ ನನ್ನ ಜಡೆ ಹಿಡಿದು ಹಿಚುಕಿದರು. ಅವರ ಬೆರಳ ಸಂದಿಯಿಂದ ನೀರು ಇಳಿಯಿತು.

"ಹೊಟ್ಯಾನ ನೀರ ಕಳದಿ, ತಲಿ ಮ್ಯಾಲ ಹೊತಗೊಂಡ ಬಂದೀ. ಕತ್ತರಿ ಒಳಗಿಡ್ರಿ ಸರ್, ನಮಗ ಬಿಸಲು ಸಾಕು."

ಕಲಬುರಗಿಯ ಬಿಸಿಲನ್ನು ಬೈಯದವರಿಲ್ಲ. ಅಂದು ನಾನು ಅದಕ್ಕೆ ಕೈಮುಗಿದೆ. ಗೋಡೆಯ ಹತ್ತಿರ ಕೂರಿಸಿ ಜಡೆ ಬಿಚ್ಚಿ, ಟೀಚರ್ ತಮ್ಮ ಒಣ ಸೆರಗಿನಿಂದಲೇ ಎಳೆ ಎಳೆಯಾಗಿ ಒರೆಸಿದರು. ತಂಡದ ಹುಡುಗಿಯರೆಲ್ಲ ಸುತ್ತ ಕೂತು ನೋಟುಪುಸ್ತಕಗಳಿಂದ ಗಾಳಿ ಹಾಕಿದರು. ಟೀಚರ್ ನನ್ನನ್ನು ಮತ್ತೆ ಒಮ್ಮೆ ಸಂಡಾಸಿಗೆ ಹೋಗಿ ಬಾ ಎಂದು ಕಳಿಸಿದರು. ಮೇಜು ಎತ್ತುವ ಹೊತ್ತಿಗೆ ಹೋಗಿ ನಿಂತೆ. ಮುಳ್ಳು ಗೆರೆಯ ಈಚೆಗೆ ಬಂದಿತ್ತು. ಅಧಿಕಾರಿ ಟೀಚರ್ ಮುಖ ನೋಡಿ ಸಹಿ ಹಾಕಿದರು.

ಮೊದಲ ಆಟ ಶಾಲು ಹೊದ್ದು ಓಡಿದ ತಂಡದ ಮೇಲೆಯೇ ಬಂತು. ಅರ್ಧ ಆಟದ ತನಕ ಅವರು ನಮಗಿಂತ ಚುರುಕಾಗಿದ್ದರು. ಆಮೇಲೆ ಅವರಿಗೆ ಉಸಿರು ಸಾಲಲಿಲ್ಲ. ನಾವು ಗೆದ್ದೆವು. ಮರುದಿನ ಬೀದರ ಕಡೆಯ ಹುಡುಗಿಯರು ನಮ್ಮನ್ನು ಚೆನ್ನಾಗಿಯೇ ಸೋಲಿಸಿದರು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೂ ಕಮಲಾಪುರದಲ್ಲಿ ಇಳಿದಾಗ ಟೀಚರ್ ಬಸ್ ಸ್ಟ್ಯಾಂಡಿನ ನಡುವೆ ಎದೆ ಸೆಟೆಸಿ ನಡೆದರು. ಬೂಟು ನೋಡಿ ನಗುತ್ತಿದ್ದವರಿಗೆ ತಾವೇ ನಿಂತು ಹೇಳಿದರು. "ನಮ್ಮ ಹುಡುಗ್ಯಾರು ಒಬ್ಬಾಕಿನೂ ಉಪಾಸ ಇದ್ದು ಆಡಿಲ್ರಿ. ಉಂಡು ಆಡ್ಯಾರ, ಉಂಡು ಗೆದ್ದಾರ, ಉಂಡೇ ಸೋತಾರ."

ಆ ಆಟ ನೋಡಿದವರೊಬ್ಬರು ನನ್ನನ್ನು ಕಲಬುರಗಿಯ ಕಾಲೇಜಿನ ತಂಡಕ್ಕೆ ಕರೆದರು. ಅಲ್ಲಿಂದ ನಾನೂ ಆಟದ ಟೀಚರ್ ಆದೆ. ಅಲ್ಲೇ ಊರಂಚಿನ ಕಪನೂರಿನ ಕಾರ್ಖಾನೆಗಳ ಹಿಂದಿನ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಿತು. ಮೊದಲ ದಿನವೇ ಹುಡುಗಿಯರ ಮುಂದೆ ತೂಕದ ಯಂತ್ರ ಹತ್ತಿ ನನ್ನ ತೂಕ ಕೂಗಿ ಹೇಳಿದೆ. ನನಗೆ ಇವತ್ತಿಗೂ ಅದರ ಹೆಮ್ಮೆ ಇದೆ.

ನಾನು ಟೀಚರ್ ಅವರನ್ನು ಕೊನೆಗೆ ಕಂಡದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನಿವೃತ್ತರಾಗಿ ಕಲಬುರಗಿಯಲ್ಲೇ ತಂಗಿಯ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆ ಅವರ ಅಗಲ ಮೈಯನ್ನು ಕರಗಿಸಿತ್ತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತವರು ನನ್ನ ಮುಖ ನೋಡಿಯೇ ಕೇಳಿದರು. "ಏನಾಗ್ಯಾದ?"

ನಾನು ಹೇಳಿದೆ. ನನ್ನ ತಂಡದಲ್ಲಿ ಸುಜಾತಾ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಕಪನೂರಿನ ದಾಲ್ ಮಿಲ್ಲಿನಲ್ಲಿ ಹಮಾಲಿ. ನನ್ನ ತಂಡದಲ್ಲಿ ಅವಳಷ್ಟು ಚೆನ್ನಾಗಿ ಆಡುವವಳು ಇರಲಿಲ್ಲ. ತೂಕ ಹೆಚ್ಚು ಬಂದಾಗ ಅವಳನ್ನು ಬಿಡಲಿಲ್ಲ. ಉಣ್ಣಿಸಿದೆ, ಕಾದೆ, ಉಪ್ಪು ಕಡಿಮೆ ಮಾಡಿಸಿದೆ, ತಿಂಗಳ ಲೆಕ್ಕವನ್ನೂ ನೋಡಿದೆ. ಇಳಿಯಲಿಲ್ಲ. ನಿನ್ನೆ ಮೇಜಿನಲ್ಲಿ ಹೆಸರು ಹೊಡೆದು ಹಾಕಿದರು. ಈಗ ಮನೆಯಲ್ಲಿ ಮುಸುಕು ಹಾಕಿ ಮಲಗಿದ್ದಾಳೆ, ಊಟ ಮುಟ್ಟುತ್ತಿಲ್ಲ. "ನೀವು ಹೇಳಿದ್ದೆಲ್ಲಾ ಮಾಡೀನ್ರಿ ಟೀಚರ್. ಎಲ್ಲಿ ತಪ್ಪೀನಿ ತಿಳಿವಲ್ದು."

ಟೀಚರ್ ದಿಂಬು ಬಿಟ್ಟು ಮುಂದೆ ಬಗ್ಗಿದರು.

"ಹ್ವಾದ ವರ್ಷದ ಅಂಗಿ ಬರ್ತದೇನು ಆಕಿಗಿ?"

"ಇಲ್ರಿ. ಹೊಸಾದು ಹೊಲಿಸ್ಯಾರ. ನನಗಿಂತ ಎತ್ತರ ಆಗ್ಯಾಳ."

ಆ ಸೊರಗಿದ ಮುಖದಲ್ಲಿ ಹಳೆಯ ನಗು ಬಂತು. "ಅಯ್ಯ, ಸಿದ್ದಮ್ಮ. ಅದು ನೀರಲ್ಲವ್ವ. ನೀರು ಬರ್ತದ, ಹೋಗ್ತದ. ಆ ಹುಡುಗಿ ಬೆಳದಾಳ. ಬೆಳದದ್ದಕ್ಕ ಯಾರರ ಅಳ್ತಾರೇನು? ಆಕಿನ್ನ ದೊಡ್ಡವರ ತಂಡಕ್ಕ ಹಾಕು, ಅಲ್ಲಿ ತೂಕದ ಮಿತಿ ಜಾಸ್ತಿ ಅದ. ಹೋಗು, ಇಲ್ಲಿ ಕುಂದರಬ್ಯಾಡ, ಮೊದಲ ಆಕಿಗಿ ಹೇಳು."

ನನ್ನನ್ನು ಚಹಾ ಕುಡಿಯಲೂ ಬಿಡದೆ ಎಬ್ಬಿಸಿ ಕಳಿಸಿದರು. ಅಲ್ಲಿಂದ ಆಟೋ ಹಿಡಿದು ನೇರ ಸುಜಾತಾಳ ಮನೆಗೆ ಹೋದೆ. ಮುಸುಕಿನ ಪಕ್ಕ ಕೂತು ಅದೇ ಮಾತನ್ನು ಹಾಗೆಯೇ ಹೇಳಿದೆ. ಬಹಳ ಹೊತ್ತಿನ ಮೇಲೆ ಮುಸುಕಿನೊಳಗಿಂದ ಅವಳು, ದೊಡ್ಡವರ ತಂಡದಲ್ಲಿ ನನ್ನನ್ನು ತಗೋತಾರೇನ್ರಿ ಎಂದು ಕೇಳಿದಳು. ಉಂಡು ಬಂದರೆ ತಗೋತಾರೆ ಎಂದೆ. ಅವಳವ್ವ ರೊಟ್ಟಿ ತಟ್ಟಲು ಕೂತಳು.

ಕೆಲವು ವಾರಗಳಲ್ಲೇ ಜಗದೇವಿ ಟೀಚರ್ ತೀರಿಕೊಂಡರು. ಮರುವರ್ಷ ಸುಜಾತಾ ದೊಡ್ಡವರ ತಂಡದಲ್ಲಿ ಆಡಿದಳು. ತೂಕದ ಮೇಜಿನ ಮುಂದೆ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತು, ಯಾರೂ ಕೇಳದಿದ್ದರೂ ತನ್ನ ತೂಕವನ್ನು ಜೋರಾಗಿ ಹೇಳಿದಳು. ಜಗದೇವಿ ಟೀಚರ್ ಅವಳನ್ನು ಒಮ್ಮೆಯೂ ನೋಡಿರಲಿಲ್ಲ.