ಬೀಗರ ಊಟಕ್ಕೆ ಪಿಂಗಾಣಿ ಹಲ್ಲು

ಬೀಗರ ಊಟಕ್ಕೆ ಕೂತ ಹೆಣ್ಣಿನ ಅಪ್ಪ ಬಾಡಿನ ತುಂಡು ಮುಟ್ಟದೆ ಎದ್ದರೆ ಏನಾಗುತ್ತದೆ ಗೊತ್ತಾ? ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಸಂಬಂಧ ಕೆಟ್ಟಿತು ಅಂತಲೇ ಲೆಕ್ಕ.

ಹೋದ ವಾರ ನಮ್ಮ ಯಜಮಾನರು ಇನ್ನೇನು ಅದನ್ನೇ ಮಾಡಿಬಿಡುತ್ತಿದ್ದರು.

ಇವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿತ್ತು. ನನಗೇನೂ ತಕರಾರಿರಲಿಲ್ಲ. ಮಗಳ ಮದುವೆ ನಿಶ್ಚಯವಾದದ್ದೇ ತಡ, ಇವರಿಗೆ ಕನ್ನಡಿಯ ಹುಚ್ಚು ಹಿಡಿಯಿತು. (ಮದುಮಗಳಿಗಿಂತ ಹೆಚ್ಚು ಹೊತ್ತು ಅದರ ಮುಂದೆ ಇವರೇ ಇರುತ್ತಿದ್ದರು.) ಮೈಸೂರಿಗೆ ಹೋಗಿ ವೆನೀರ್ ಹಾಕಿಸಿಕೊಂಡು ಬಂದರು. ಅಂದರೆ, ಹಲ್ಲನ್ನು ಸ್ವಲ್ಪ ಸವೆಸಿ, ಮೇಲೆ ಉಗುರಿನಷ್ಟು ತೆಳುವಾದ ಪಿಂಗಾಣಿ ಪದರ ಅಂಟಿಸುತ್ತಾರೆ. ಸಂದು ಮಾಯ! ನಿಜ ಹೇಳುತ್ತೇನೆ, ಚೆನ್ನಾಗಿಯೇ ಕಾಣುತ್ತಿತ್ತು. ಅವರ ಮುಂದೆ ಹೇಳಲಿಲ್ಲ ಅಷ್ಟೇ.

“ಮುಂದಿನ ಹಲ್ಲಲ್ಲಿ ಮೂಳೆ ಕಡಿಯಬೇಡಿ” ಅಂದರಂತೆ ಡಾಕ್ಟರ್. ಇವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ದವಡೆ ಹಲ್ಲು ಇರುವುದು ಯಾತಕ್ಕೆ ಅಂತ ಕೇಳಿದರೆ, “ರಿಸ್ಕ್ ಯಾಕೆ?” ಅನ್ನುವುದು.

ಸರಿ, ಎಚ್.ಡಿ. ಕೋಟೆ ಹತ್ತಿರದ ಬೀಗರ ಮನೆಯಲ್ಲಿ ಬಾಡೂಟ. ಹೊಸ ಸೊಸೆ, ಅಂದರೆ ನನ್ನ ಮಗಳು, ನೀರಿನ ಚೊಂಬು ಹಿಡಿದು ಓಡಾಡುತ್ತಿದ್ದಳು. ಬೀಗರು ತಾವೇ ಆರಿಸಿ ತಂದ ಮಜ್ಜೆ ತುಂಬಿದ ದಪ್ಪ ನಲ್ಲಿ ಮೂಳೆಯನ್ನು ಇವರ ಎಲೆಗೆ ಹಾಕಿದರು. ಅದು ಮರ್ಯಾದೆ. ಇವರೋ, ಅದನ್ನು ಮೆಲ್ಲಗೆ ಎಲೆಯ ತುದಿಗೆ ತಳ್ಳಿ, ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿದರು. ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮುದ್ದೆಗೆ ಹಲ್ಲೇ ಬೇಡವಲ್ಲ!

“ಯಾಕ್ ಬೀಗ್ರೇ, ನಮ್ಮನೆ ಬಾಡು ಸೇರ್ನಿಲ್ವಾ?” ಬೀಗರ ದನಿ ಬಿಗಿಯಾಗಿತ್ತು.

“ಅಂಗೇನಿಲ್ಲ ಬುಡಿ” ಅಂತ ಇವರು ತುಟಿ ತೆರೆಯದೆ ಗೊಣಗಿದರು.

ಪಂಕ್ತಿಯಲ್ಲಿದ್ದವರು ಕೈ ತಡೆದು ಇತ್ತಲೇ ನೋಡಿದರು. ಯಾರೋ ಪಿಸುಗುಟ್ಟಿದರು, “ಎಣ್ಣಿನಪ್ಪ ಮುನಿಸ್ಕಂಡವ್ರೆ ಕಣ್ಲಾ.” ಮಗಳ ಮುಖ ಸಣ್ಣಗಾಯಿತು. ನಾಳೆಯಿಂದ ಆ ಮನೆಯಲ್ಲಿ ಬಾಳಬೇಕಾದವಳು ಅವಳು. ಎದುರು ಸಾಲಿನಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. “ರೀ, ನಿಜ ಹೇಳ್ಬಿಡ್ರೀ!” ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಇವರು ಮಗಳ ಮುಖ ನೋಡಿದರು. “ಹಲ್ಲಿಗೆ ಪಿಂಗಾಣಿ ಅಂಟಿಸ್ಕೊಂಡಿದ್ದೀನಿ ಬೀಗ್ರೇ. ಕಡಿದ್ರೆ ಕಿತ್ತೋಗುತ್ತೆ ಅಂತ ಭಯ” ಅಂದರು, ಕಿವಿ ಕೆಂಪಾಗಿ.

ಬೀಗರ ತಾಯಿ ಎದ್ದು ಬಂದು, ಇವರ ಗದ್ದ ಹಿಡಿದೆತ್ತಿ ಬಾಯೊಳಗೆ ಇಣುಕಿದರು. “ಅಯ್ಯೋ ಶಿವ್ನೇ, ಹಲ್ಗೂ ಟೈಲ್ಸ್ ಆಕ್ತಾರಾ?”

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಬೀಗರು ಆ ಮೂಳೆ ಎತ್ತಿ ಎಲೆಯ ಮೇಲೆ ಟಪಟಪ ಬಡಿದು, ಒಳಗಿನ ಮಜ್ಜೆ ಬೀಳಿಸಿ, “ತಕಳಿ, ಇದ್ನೂ ನುಂಗ್ಬುಡಿ” ಅಂದರು. ಇವರು ನುಂಗಿದರು. ಅಬ್ಬಾ, ನನಗೆ ಹೋದ ಜೀವ ಬಂತು. ಮಗಳು ಬಾಯಿ ತುಂಬಾ ನಗುತ್ತಿದ್ದಳು. ಅವಳ ಹಲ್ಲಿನ ನಡುವೆಯೂ ಅಪ್ಪನದೇ ಸಂದು.

ವಾಪಸ್ ಬರುವಾಗ ಕೆಣಕಿದೆ. “ಅವಳಿಗೂ ವೆನೀರ್ ಹಾಕಿಸೋಣ್ವಾ?”

“ಸುಮ್ನಿರೇ, ನನ್ ಮಗಳ ನಗೂಗೆ ಏನಾಗಿದೆ?” ಅಂತ ರೇಗಿದರು.

ಅದೇ ನಗು ಇಷ್ಟು ವರ್ಷ ಇವರ ಮುಖದಲ್ಲೂ ಇತ್ತಲ್ಲ, ಅದಕ್ಕೇನಾಗಿತ್ತು?